ಸದ್ದಿಲ್ಲದ ಕಾರು, ಸೆರೆಸಿಕ್ಕ ಲೈಸೆನ್ಸು

ಮಾನ್ಯ ಸಂಚಾರ ಅಧಿಕಾರಿಗಳೇ,

ತಮ್ಮ ಕಚೇರಿಯ ಡ್ರಾಯರೊಂದರಲ್ಲಿ ನನ್ನ ಡ್ರೈವಿಂಗ್ ಲೈಸೆನ್ಸ್ ಮಲಗಿದೆ. ನಾನು ಮಾಡಿದ ಅಪರಾಧ ಇಷ್ಟೇ: ಪಾಟನ್ನಿನ ಗಲ್ಲಿಯ ಬಾಯಲ್ಲಿ ಒಂದೇ ಒಂದು ಸಲ ಹಾರ್ನ್ ಒತ್ತಿದೆ. ದಂಡ ಕಟ್ಟಿದ್ದೇನೆ. ‘ಹಾರ್ನ್ ಒತ್ತಬಾರದು’ ಎಂಬ ಒಂದು ವಾಕ್ಯವನ್ನು ಒಂದು ಗಂಟೆ ಎಳೆಯುವ ತಮ್ಮ ತರಗತಿಯಲ್ಲಿ ತೂಕಡಿಸದೆ ಕೂತು ಬಂದಿದ್ದೇನೆ. ಆದರೂ ಲೈಸೆನ್ಸ್ ಕೈಗೆ ಬಂದಿಲ್ಲ. ಡ್ರಾಯರಿನ ಬೀಗದ ಕೈ ಇಟ್ಟುಕೊಂಡ ಸಾಹೇಬರು ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದಾರಂತೆ. ಇತ್ತ ಬರುವ ಗುರುವಾರ ಬೆಳಗ್ಗೆ, ಪುರೋಹಿತರು ಇಟ್ಟುಕೊಟ್ಟ ಮುಹೂರ್ತದಲ್ಲಿ, ನನ್ನ ಜೀವಮಾನದ ಮೊದಲ ಕಾರು ಮನೆಗೆ ಬರಬೇಕು. ಲೈಸೆನ್ಸ್ ಬಾರದಿದ್ದರೆ ಅದರ ಸ್ಟಿಯರಿಂಗ್ ಹಿಡಿಯುವವನು ನನ್ನ ಭಾವಮೈದ ಜ್ಞಾನಕಾಜಿ. ನನ್ನ ಮದುವೆಯಲ್ಲಿ ನಾಲ್ಕು ಹೆಜ್ಜೆ ಕೊಡೆ ಹಿಡಿದ ಪುಣ್ಯಾತ್ಮ ಈತ. “ನಾನಿಲ್ದಿದ್ರೆ ಭಾವನ ಮದುವೇನೇ ಆಗ್ತಿರ್ಲಿಲ್ಲ” ಎಂದು ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ. ಇಂಥವನ ಕೈಗೆ ಕಾರು ಕೊಟ್ಟು, ಅದು ಮನೆ ಸೇರಿದ ಕತೆಯನ್ನು ಮುಂದಿನ ಮೂವತ್ತು ವರ್ಷ ಹಬ್ಬಹಬ್ಬಕ್ಕೂ ಕೇಳುವ ಶಿಕ್ಷೆ ಯಾವ ಕಾನೂನಿನಲ್ಲಿದೆ, ಸ್ವಾಮಿ?

ನಾನು ತಾಮ್ರದ ಪಾತ್ರೆ ಬಡಿಯುವ ಮನೆತನದವನು. ತೊಟ್ಟಿಲಲ್ಲಿ ನನಗೆ ಜೋಗುಳಕ್ಕಿಂತ ಮೊದಲು ಕೇಳಿದ್ದು ಸುತ್ತಿಗೆಯ ಸದ್ದು. ಸದ್ದು ಮಾಡದ ಯಾವುದೇ ವಸ್ತು ಕೆಲಸ ಮಾಡುತ್ತಿದೆ ಎಂದು ನಂಬುವುದು ನನಗೆ ಕಷ್ಟ. ಆದ್ದರಿಂದ ಅಂಗಡಿಯ ಸಾಮಾನು ಗಾಡಿ ಓಡಿಸಿ ಸಾಕಾಗಿ ಕಾರು ಕೊಳ್ಳೋಣವೆಂದು ಹೊರಟಾಗ ನನ್ನ ಮನಸ್ಸು ಹೋದದ್ದು ಹೈಬ್ರಿಡ್ ಕಡೆಗೆ. ಪೆಟ್ರೋಲೂ ಉಂಟು, ಬ್ಯಾಟರಿಯೂ ಉಂಟು, ಆಗಾಗ ಗುರ್ ಎಂದು ತಾನಿರುವುದನ್ನು ನೆನಪಿಸುವ ಸೌಜನ್ಯವೂ ಉಂಟು. ಹೆಂಡತಿ ಹೇರಾದೇವಿ ಮಾತ್ರ ಹಟ ಹಿಡಿದದ್ದು ಪೂರ್ತಿ ಎಲೆಕ್ಟ್ರಿಕ್‌ಗೆ.

ಈ ಜಗಳ ಎರಡು ವರ್ಷ ನಡೆಯಿತು. ನನಗೆ ಮರೆಯಲಾಗದ್ದು ದಿನದ ಮುಕ್ಕಾಲು ಪಾಲು ಕರೆಂಟ್ ಇಲ್ಲದ ಆ ಕಾಲ. ಮೇಣದಬತ್ತಿ ಬೆಳಕಿನಲ್ಲಿ ಉಂಡ ನೆನಪಿರುವವನು ಕರೆಂಟನ್ನೇ ನಂಬಿ ಕಾರು ಹತ್ತುವುದುಂಟೇ? ಅವಳಿಗೆ ಮರೆಯಲಾಗದ್ದು ಗಡಿ ಮುಚ್ಚಿ ಪೆಟ್ರೋಲ್ ಲಾರಿಗಳೇ ಬಾರದಿದ್ದ ಆ ವರ್ಷ. ಪೆಟ್ರೋಲ್ ಕ್ಯೂನಲ್ಲಿ ನನಗೆ ತಿಂಡಿ ಡಬ್ಬಿ ತಂದು ಕೊಟ್ಟವಳು ಅವಳು. “ಆ ಕ್ಯೂನಲ್ಲಿ ನೀವು ಗಡ್ಡ ಬಿಟ್ಟು ಬೈರಾಗಿ ಆಗಿದ್ರಿ. ಇನ್ನೊಂದು ಸಲ ಹುಡುಕಿಕೊಂಡು ಬರೋಕೆ ನನ್ನ ಮಂಡಿ ಒಪ್ಪಲ್ಲ” ಎಂದಳು.

ಹೈಬ್ರಿಡ್ ಅಂಗಡಿಯ ಹುಡುಗ ಬಲು ವಿನಯದಿಂದ ವಿವರಿಸಿದ. “ಎರಡೂ ಇದೆ ದೀದಿ. ಪೆಟ್ರೋಲ್ ಬೇಕಾದಾಗ ಪೆಟ್ರೋಲ್, ಕರೆಂಟ್ ಬೇಕಾದಾಗ ಕರೆಂಟ್.”

“ಅಂದ್ರೆ ಎರಡು ಮನೇಲಿ ಉಂಡು ಎರಡು ಮನೇನೂ ಹೊಗಳೋ ಅಳಿಯ” ಎಂದಳು ಹೇರಾದೇವಿ. “ತೆರಿಗೆ ಯಾವ ಮನೆ ಲೆಕ್ಕದಲ್ಲಿ ಹಾಕ್ತಾರೆ?”

ಹುಡುಗ ತಗ್ಗಿದ ದನಿಯಲ್ಲಿ, “ಪೆಟ್ರೋಲ್ ಮನೆ ಲೆಕ್ಕದಲ್ಲಿ” ಎಂದ.

ಎಲೆಕ್ಟ್ರಿಕ್ ಅಂಗಡಿಯ ಬಿಬೇಕ್ ಖತಿವಡಾ ಇನ್ನೂ ಚುರುಕು. ಅಣ್ಣನ ವರಸೆ ಹಚ್ಚಿಯೇ ಶುರುಮಾಡಿದ. “ದಾಜು, ಪೋಖರಾ ದಾರೀಲಿ ದಾಲ್-ಭಾತ್ ತಿನ್ನೋಕೆ ನಿಲ್ಲಿಸ್ತೀರಲ್ಲ, ತಿಂದು ಕೈ ತೊಳೆಯೋದರೊಳಗೆ ಬ್ಯಾಟರಿ ತುಂಬಿರತ್ತೆ.”

“ಇವರು ಕೈ ತೊಳೆಯೋದರೊಳಗೆ ಇಡೀ ಊರಿನ ಬ್ಯಾಟರಿ ತುಂಬಿರತ್ತೆ, ತಮ್ಮಾ. ಮೂರು ಸಲ ಅನ್ನ ಹಾಕಿಸ್ಕೊಳ್ತಾರೆ” ಎಂದಳು ನನ್ನ ಧರ್ಮಪತ್ನಿ.

ಕೊನೆಗೆ ಒಪ್ಪಂದವಾಯಿತು. ಒಂದೇ ಶನಿವಾರ ಎರಡೂ ಕಾರುಗಳನ್ನು ನಮ್ಮ ಗಲ್ಲಿಯಲ್ಲೇ ಓಡಿಸಿ ನೋಡುವುದು, ಆಮೇಲೆ ತಕರಾರಿಲ್ಲದೆ ತೀರ್ಮಾನಿಸುವುದು. ಬೆಳಗ್ಗೆ ಹೈಬ್ರಿಡ್ ಓಡಿಸಿದೆ. ಅದರ ಎಂಜಿನ್ ಗುರುಗುಟ್ಟಿದ್ದೇ ತಡ ಬೀದಿನಾಯಿ ಎದ್ದಿತು, ಬಿಸಿಲಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದ ಗಲ್ಲಿಯ ಹೆಂಗಸರು ಚಾಪೆ ಮಡಚಿದರು, ದಾರಿ ತೆರೆಯಿತು. ನಾನು ಹೆಂಡತಿಯ ಕಡೆ ನೋಡಿದೆ. ಅವಳು ಕಿಟಕಿಯ ಕಡೆ ನೋಡಿದಳು.

ಮಧ್ಯಾಹ್ನ ಎಲೆಕ್ಟ್ರಿಕ್. ಬಿಳಿ ಬಣ್ಣದ ಹೊಚ್ಚಹೊಸ ಗಾಡಿ. ಅಂಗಡಿಯವರು ಅವತ್ತೇ ಬೆಳಗ್ಗೆ ಪೂಜೆ ಮಾಡಿಸಿ, ಬಾನೆಟ್ಟಿಗೆ ತಿಲಕವಿಟ್ಟು, ಚೆಂಡುಹೂವಿನ ಹಾರವನ್ನೂ ಕೆಂಪು ರಿಬ್ಬನ್ನನ್ನೂ ಕಟ್ಟಿದ್ದರು. ಬಿಬೇಕ್ ನನ್ನ ಪಕ್ಕ, ಹೇರಾದೇವಿ ಹಿಂದೆ. ಕಾರು ಹೊರಟಿತು ಎಂದು ಬಿಬೇಕ್ ಹೇಳಿದ್ದರಿಂದ ನನಗೆ ಗೊತ್ತಾಯಿತು. ಗಲ್ಲಿಗೆ ಯಾರೂ ಹೇಳಲಿಲ್ಲ. ನಾಯಿ ಏಳಲಿಲ್ಲ, ಯಾರೂ ಚಾಪೆ ಮಡಚಲಿಲ್ಲ. ಒಬ್ಬ ತಾಯಿ ನಮ್ಮ ಬಂಪರಿಗೆ ಬೆನ್ನು ಕೊಟ್ಟು ಮಗುವಿಗೆ ಎಣ್ಣೆ ಹಚ್ಚುತ್ತಲೇ ಇದ್ದಳು. ಹಾರ್ನ್ ಒತ್ತುವಂತಿಲ್ಲ, ಅದು ತಮ್ಮ ಆಜ್ಞೆ. ಸದ್ದಿಲ್ಲದ ಕಾರಿಗೆ ತೆರಿಗೆ ಕಡಿಮೆ ಮಾಡಿದ್ದು ಒಂದು ಇಲಾಖೆ, ಹಾರ್ನ್ ಬಂದ್ ಮಾಡಿದ್ದು ಇನ್ನೊಂದು ಇಲಾಖೆ. ಇಬ್ಬರೂ ಒಂದು ದಿನವಾದರೂ ಒಟ್ಟಿಗೆ ಚಹಾ ಕುಡಿದಿದ್ದರೆ ಈ ನಾಯಿಗೆ ಹೇಗೆ ಸುದ್ದಿ ಮುಟ್ಟಿಸಬೇಕೆಂದು ಯೋಚಿಸುತ್ತಿದ್ದರಲ್ಲವೇ? ಹೇರಾದೇವಿ ಕಿಟಕಿಯಿಂದ ತಲೆ ಹೊರಹಾಕಿ, “ಅಕ್ಕಾ, ಸ್ವಲ್ಪ ಪಕ್ಕಕ್ಕೆ. ನಾವು ಕಾರಿನೋರು” ಎನ್ನುತ್ತ ಸಾಗಬೇಕಾಯಿತು.

ಹೀಗೆ ತೆವಳುತ್ತ ಅಂಗಳವೊಂದನ್ನು ದಾಟುವಾಗ ಮದುವೆ ಸಿಕ್ಕಿತು. ವಧುವನ್ನು ಕರೆದೊಯ್ಯಲು ಪಕ್ಕದೂರು ಠಿಮಿಯಿಂದ ದಿಬ್ಬಣ ಬಂದಿತ್ತು. ನಮ್ಮವರ ಹಳೆಯ ಪದ್ಧತಿಯಂತೆ ವರ ತನ್ನ ಮನೆಯಲ್ಲೇ ಕಾಯುತ್ತಿದ್ದ. ಹುಡುಗಿ ನೆಂಟರಿಷ್ಟರಿಗೆಲ್ಲ ವಿದಾಯದ ಅಡಿಕೆ ಹಂಚಿ ಮುಗಿಸಿದ್ದಳು, ಹೊರಡುವ ಗಳಿಗೆ ಮೀರುತ್ತಿತ್ತು, ಬಾಡಿಗೆಯ ದೊಡ್ಡ ಜೀಪು ಗಲ್ಲಿಯೊಳಗೆ ತೂರಲಾರದೆ ಎಲ್ಲೋ ಸಿಕ್ಕಿಬಿದ್ದಿತ್ತು. ಆ ಹೊತ್ತಿಗೆ ಸರಿಯಾಗಿ ಹಾರ, ತಿಲಕ, ರಿಬ್ಬನ್ ಸಮೇತ ಬಿಳಿ ಕಾರೊಂದು ನಿಶ್ಶಬ್ದವಾಗಿ ಬಾಗಿಲ ಮುಂದೆ ಪ್ರತ್ಯಕ್ಷವಾದರೆ ಯಾರೇ ಆಗಲಿ ಏನು ತಿಳಿಯಬೇಕು? ಹಿಂದಿನ ಬಾಗಿಲು ತೆರೆಯಿತು. ಕೆಂಪು ಸೀರೆಯ ವಧು ಬಿಕ್ಕುತ್ತ ಬಂದು ಹೇರಾದೇವಿಯ ಪಕ್ಕ ಕೂತಳು.

“ದಾಜು, ಇದು ಡೆಮೋ ಗಾಡಿ” ಎಂದು ಬಿಬೇಕ್ ಅಳುಮೋರೆ ಮಾಡಿದ.

“ಬಾಯಿ ಮುಚ್ಚು” ಎಂದಳು ಹೇರಾದೇವಿ. “ಮುಹೂರ್ತದಲ್ಲಿ ಹತ್ತಿದ ಹುಡುಗೀನ ಇಳಿಸ್ತಾರೇನು? ನಡೀರಿ ರೀ.”

ಕೆಂಪು ಅಂಗಿಯ ಬ್ಯಾಂಡಿನವರು ಕಹಳೆ ಊದುತ್ತ ಮುಂದೆ ನಡೆದರು. ಅವರ ಹಿಂದೆ, ನನ್ನ ಕಡೆಗೇ ಬೆನ್ನು ಮಾಡಿ ವರನ ಸೋದರಮಾವ. ಮನೆಯಲ್ಲಿ ಇಳಿಸಿದ ಅಯಿಲಾ ಸಾರಾಯಿ ಒಳಗೆ ಸೇರಿದ್ದರಿಂದ ಅವರು ಹಿಂಹಿಂದಕ್ಕೆ ಹೆಜ್ಜೆ ಹಾಕಿ ಕುಣಿಯುತ್ತಿದ್ದರು. ಪೆಟ್ರೋಲ್ ಕಾರಾಗಿದ್ದರೆ ಆ ಸದ್ದಿಗೇ ಎಚ್ಚರವಾಗುತ್ತಿದ್ದರು. ಮುಖ್ಯರಸ್ತೆಯ ಮೂಲೆಯಲ್ಲಿ ಅವರ ಹಿಮ್ಮಡಿ ನಮ್ಮ ಬಂಪರಿನ ಕೆಳಗೆ ಸೇರುವುದಕ್ಕೆ ಒಂದು ಗೇಣು ಉಳಿದಿತ್ತು. ಒತ್ತಿದೆ, ಸ್ವಾಮಿ. ಒಂದು ಸಲ. ಮಾವನವರು ಹಾರಿ ಬಾನೆಟ್ಟಿನ ಮೇಲೆ ಕೂತರು. ಬ್ಯಾಂಡು ನಿಲ್ಲಲಿಲ್ಲವಾಗಿ ಅವರೂ ಕೂತಲ್ಲಿಂದಲೇ ಕುಣಿದರು.

ಸೀಟಿ ಊದಿದ್ದು ಮೂಲೆಯಲ್ಲಿದ್ದ ತಮ್ಮ ಪೇದೆ. ಸ್ಟಿಯರಿಂಗ್ ಹಿಡಿದವರೆಲ್ಲ ಅವರಿಗೆ ಗುರೂಜಿ.

“ಗುರೂಜಿ, ಹಾರ್ನ್ ಯಾಕೆ ಹೊಡೆದ್ರಿ?”

“ಕಾಲು ಹೋಗ್ತಿತ್ತು ಸರ್, ಅವರದ್ದು.”

“ಬಾಯಲ್ಲಿ ಹೇಳಬಹುದಿತ್ತಲ್ಲ.”

“ಹದಿನಾಲ್ಕು ಕಹಳೆ ಊದ್ತಾ ಇದಾರೆ, ನನ್ನ ಬಾಯಿ ಯಾರಿಗೆ ಕೇಳತ್ತೆ?”

“ಅದು ಬ್ಯಾಂಡು. ಇದು ಹಾರ್ನ್. ಲೈಸೆನ್ಸ್ ತೆಗೀರಿ.”

ವಧು ಮುಸುಕು ಸರಿಸಿ ಕಿಟಕಿಗೆ ಬಂದಳು. “ಸರ್, ಗಳಿಗೆ ಮೀರ್ತಾ ಇದೆ. ಅಲ್ಲಿ ಅತ್ತೆ ಆರತಿ ಹಿಡ್ಕೊಂಡು ನಿಂತಿರ್ತಾರೆ.”

ಪೇದೆಯ ಕಣ್ಣೂ ತೇವವಾಯಿತು. “ಆಯ್ತಮ್ಮ, ಹೋಗಿ ಬನ್ನಿ. ಗುರೂಜಿ, ಜೋಪಾನವಾಗಿ ಕರ್ಕೊಂಡು ಹೋಗಿ. ಲೈಸೆನ್ಸ್ ನನ್ನ ಹತ್ರ ಇರಲಿ.”

ಇಲ್ಲಿಯೇ, ಮಾನ್ಯರೇ, ನನ್ನ ಬಡ ತರ್ಕ ತಡವರಿಸುತ್ತದೆ. ನಾನು ಗಾಡಿ ಓಡಿಸಲು ಯೋಗ್ಯನಲ್ಲದಿದ್ದರೆ ಪರರ ಮನೆಯ ಮಗಳನ್ನು ನನ್ನ ಕೈಗೆ ಒಪ್ಪಿಸಿ ಹರಸಿ ಕಳಿಸಿದ್ದು ಹೇಗೆ? ಯೋಗ್ಯನಾಗಿದ್ದರೆ ಲೈಸೆನ್ಸ್ ಇಟ್ಟುಕೊಂಡದ್ದೇಕೆ? ಲೈಸೆನ್ಸ್ ಇಲ್ಲದವನನ್ನು ಇಲಾಖೆಯೇ ಕೈಬೀಸಿ ಠಿಮಿಯವರೆಗೆ ಓಡಿಸಿದ ಈ ಪ್ರಸಂಗವನ್ನು ಆ ತರಗತಿಯಲ್ಲಿ ಎದ್ದು ನಿಂತು ಕೇಳಿದೆ. ಪಾಠ ಹೇಳುತ್ತಿದ್ದವರು ನೀರು ಕುಡಿದರು.

ಇನ್ನು ತೀರ್ಮಾನದ ವಿಷಯ. ಮಾವನವರು ಬಾನೆಟ್ಟಿನಿಂದ ಇಳಿದು, ಮೂಲೆ ತಿರುಗಿ ಬ್ಯಾಂಡು ಹಿಂದುಳಿದ ಮೇಲೆ ಕಾರಿನೊಳಗೆ ಒಂದು ಪಿಸುಮಾತೂ ಕೇಳುವಷ್ಟು ಮೌನ. ವಧುವಿನ ಬಿಕ್ಕು ನಿಂತಿತು. ಮುಸುಕಿನೊಳಗಿಂದ ದನಿ ಬಂತು: “ದಾಜು, ಒಂದು ಚಾರ್ಜಿಗೆ ಎಷ್ಟು ದೂರ ಹೋಗತ್ತೆ ಇದು?”

ಬಿಬೇಕ್ ಒಮ್ಮೆಗೇ ಜೀವ ಬಂದವನಂತೆ ತಿರುಗಿ ಕೂತು ಎಲ್ಲವನ್ನೂ ಒಪ್ಪಿಸಿದ. ಬ್ಯಾಟರಿಗೆ ಎಷ್ಟು ವರ್ಷದ ಗ್ಯಾರಂಟಿ, ಮನೆಯಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಿದರೆ ಬಿಲ್ ಎಷ್ಟು, ಮಳೆನೀರಲ್ಲಿ ಇಳಿಸಬಹುದೇ, ಅವಳು ಒಂದೊಂದೇ ಕೇಳಿದಳು. ಕಡೆಗೆ ನಿಟ್ಟುಸಿರಿಟ್ಟು ಹೇಳಿದಳು: “ಅವರ ಮನೇಲಿ ಹೈಬ್ರಿಡ್ ಬುಕ್ ಮಾಡಿದಾರಂತೆ. ಹೋದ ದಿನವೇ ಹೇಳಬಾರದು. ನಾಲ್ಕು ದಿನ ಬಿಟ್ಟು ಕ್ಯಾನ್ಸಲ್ ಮಾಡಿಸ್ತೀನಿ.”

ಹೇರಾದೇವಿ ಅವಳ ಕೈ ಹಿಡಿದುಕೊಂಡಳು. ಕನ್ನಡಿಯಲ್ಲಿ ಇಬ್ಬರ ಮುಖ ನೋಡಿದೆ. ಎರಡು ವರ್ಷದ ನನ್ನ ಹೈಬ್ರಿಡ್ ಪಕ್ಷ ಅಲ್ಲೇ ವಿಸರ್ಜನೆಯಾಯಿತು. ಠಿಮಿಯಲ್ಲಿ ಬೀಗರು ನಮ್ಮನ್ನೂ ಬಿಡದೆ ಶುಭಶಕುನಕ್ಕೆಂದು ಹಣೆಗೆ ಮೊಸರು ಹಚ್ಚಿ, ಮೊಟ್ಟೆ ಮೀನು ಕೊಟ್ಟು, ಬಿಬೇಕನಿಗೆ ಎರಡು ಸಲ ಅಯಿಲಾ ಹೊಯ್ದರು. ಮರುದಿನವೇ ಎಲೆಕ್ಟ್ರಿಕ್ ಕಾರಿಗೆ ಮುಂಗಡ ಕೊಟ್ಟೆವು.

ಆದ್ದರಿಂದ ನನ್ನ ಬೇಡಿಕೆ ಸ್ಪಷ್ಟವಾಗಿದೆ. ಬುಧವಾರ ಸಂಜೆಯೊಳಗೆ ಬೀಗದ ಕೈ ಮದುವೆಮನೆಯಿಂದ ಬರಲಿ, ಅಥವಾ ಡ್ರಾಯರೇ ಬರಲಿ. ನನ್ನ ಲೈಸೆನ್ಸ್ ನನಗೆ ಸಿಗಲಿ. ಜೊತೆಗೆ ಸದ್ದಿಲ್ಲದ ಕಾರುಗಳಿಗೆ ಗಲ್ಲಿಯಲ್ಲಿ ಒಂದು ಸಣ್ಣ ಗಂಟೆಯನ್ನಾದರೂ ಬಾರಿಸಲು ಅಪ್ಪಣೆಯಾಗಲಿ.

ಇದು ತಮ್ಮಿಂದ ಆಗದಿದ್ದರೆ ಗುರುವಾರದ ಏರ್ಪಾಡನ್ನು ಹೇರಾದೇವಿ ಈಗಾಗಲೇ ಮಾಡಿ ಮುಗಿಸಿದ್ದಾಳೆ. ಜ್ಞಾನಕಾಜಿ ಹೊಸ ಕಪ್ಪು ಕನ್ನಡಕ ಕೊಂಡಿದ್ದಾನೆ. ಅವಳು ಅವನ ಪಕ್ಕದ ಸೀಟಿನಲ್ಲಿ ಕೂರುತ್ತಾಳೆ. ನಾನೆಲ್ಲಿ ಕೂರಲಿ ಎಂದು ಕೇಳಿದ್ದಕ್ಕೆ ಹೇಳಿದಳು: “ನೀವು ಕೂತರೆ ಜನ ದಾರಿ ಬಿಡೋದು ಹೇಗೆ? ಹಾರ್ನ್ ಹೊಡೆಯೋ ಹಾಗಿಲ್ಲವಲ್ಲ. ನೀವು ಮುಂದೆ ನಡೀರಿ, ‘ಪಕ್ಕಕ್ಕೆ, ಪಕ್ಕಕ್ಕೆ’ ಅಂತ ಕೂಗ್ತಾ. ನಿಮ್ಮ ದನಿ ಚೆನ್ನಾಗಿದೆ.”

ಇಂತಿ,
ಸದ್ಯಕ್ಕೆ ಪಾದಚಾರಿ, ಗುರುವಾರದಿಂದ ತನ್ನದೇ ಕಾರಿನ ಹಾರ್ನ್,
ಅಷ್ಟರತ್ನ ತಾಮ್ರಾಕಾರ, ಪಾಟನ್