ನಿನ್ನ ಫೋನು ಹೇಳಿದ ಮಂಗಳವಾರ

ಮಗನೇ,

ನಿನ್ನ ಹೆಂಡತಿ, ಮಗು ಇಬ್ಬರೂ ನನ್ನ ಮನೆಯಲ್ಲಿ ಚೆನ್ನಾಗಿದ್ದಾರೆ. ಫೋನಿನಲ್ಲಿ ನೀನು ನನ್ನ ಮಾತು ಮುಗಿಸಲು ಬಿಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವಳ ಮುಟ್ಟಿನ ತಾರೀಖು ಹೇಳುವ ಆ್ಯಪನ್ನು ನಿನ್ನ ಫೋನಿಗೆ ಹಾಕಿಕೊಂಡಿದ್ದೀಯಂತೆ. ನಿನಗ್ಯಾಕಪ್ಪಾ ಅದು? ಔಷಧಿ ಅಂಗಡಿಯ ಕೆಲಸಕ್ಕೆ ಮತ್ತೆ ಹೋಗುತ್ತೇನೆಂದು ಅವಳು ಹೇಳಿದಾಗ ನೀನು ಅವಳ ಮುಖ ನೋಡಲಿಲ್ಲ, ಫೋನು ನೋಡಿದೆ. "ಮಂಗಳವಾರ ಹತ್ರ ಬಂತಲ್ಲ, ಅದಕ್ಕೇ ಹೀಗಾಡ್ತಿದ್ದೀಯ. ಕಳೀಲಿ, ಸರಿಹೋಗ್ತೀಯ" ಅಂದೆಯಂತೆ. ಅವಳು ಮಗುವನ್ನೆತ್ತಿಕೊಂಡು ಇಲ್ಲಿಗೆ ಬಂದಳು.

ಮಂಗಳವಾರ ಬಂತು, ಹೋಯಿತು. ಮುಟ್ಟು ಮಾತ್ರ ಬರಲಿಲ್ಲ, ಅದು ಬಂದದ್ದು ಮುಂದಿನ ವಾರ. ಹೆತ್ತ ಮೈ ಕಣೋ, ಮಗು ಇನ್ನೂ ಎದೆಹಾಲು ಕುಡಿಯುತ್ತಿದೆ. ನಿನ್ನನ್ನು ಹೆತ್ತ ಮೇಲೆ ನನ್ನ ಲೆಕ್ಕ ನನಗೇ ಸಿಗುತ್ತಿರಲಿಲ್ಲ, ಆ ಆ್ಯಪಿಗೆ ಹೇಗೆ ಸಿಕ್ಕೀತು? ಈಗ ಮುಟ್ಟೂ ಮುಗಿದಿದೆ. ಬೆಳಿಗ್ಗೆ ನಾನೇ ಕೇಳಿದೆ, "ಏನಮ್ಮಾ, ಸರಿಹೋದೆಯಾ?"

"ಸರಿಯಾಗೇ ಇದ್ದೆ ಅತ್ತೆ. ಕೆಲಸಕ್ಕೆ ಹೋಗೇ ಹೋಗ್ತೀನಿ" ಅಂದಳು.

ಹೋಗಲಿ. ಮಗುವನ್ನು ನಾನು ನೋಡಿಕೊಳ್ಳುತ್ತೇನೆ. ನೀನು ಭಾನುವಾರ ಬಂದು, ಎದುರು ಕೂತು, ಅವಳ ಮಾತು ಪೂರ್ತಿ ಕೇಳು. ಬರುವಾಗ ಅವಳ ಕನ್ನಡಕ, ಮಗುವಿನ ಉಣ್ಣೆ ಟೋಪಿ ತಾ. ಆ ಆ್ಯಪನ್ನು ತೆಗೆದು ಬಾ.

ತೆಗೆಯುವ ಮುಂಚೆ ಅದನ್ನೊಂದು ಮಾತು ಕೇಳಿ ನೋಡು. ನನಗೆ ಮುಟ್ಟು ನಿಂತು ಎಷ್ಟೋ ವರ್ಷವಾಯಿತು. ಹಾಗಾದರೆ ನಿನ್ನ ಮೇಲೆ ನನಗೆ ಬಂದಿರುವ ಈ ಸಿಟ್ಟು ಯಾವ ತಾರೀಖಿನದು?

ನಿನ್ನ ಅಮ್ಮ