ಗೋಡೆಯ ಮೇಲೆ ಗುಣವಾದವನು

ಮಾರ್ಚ್ 4, ಬೆಳಿಗ್ಗೆ

ಮತ್ತೆ ಇಸಿಜಿ. ಬೈಪಾಸ್ ಚೆನ್ನಾಗಿ ಆಗಿದೆಯಂತೆ. ಹಾಗಾದರೆ ಒಳಗೆ ಮೂಟೆಯಲ್ಲಿ ಕಟ್ಟಿದ ಕೋಳಿಯ ಹಾಗೆ ಒದ್ದಾಡುತ್ತಿರುವುದು ಯಾರು? ಡಾಕ್ಟರಮ್ಮನನ್ನು ಕೇಳಿದೆ.

"ಆಪರೇಷನ್ ಹೊತ್ನಲ್ಲಿ ಹಾರ್ಟ್ ನಿಲ್ಸಿರ್ತೀವಿ. ಮತ್ತೆ ರಕ್ತ ಬಿಟ್ಟಾಗ ಆಕ್ಸಿಜನ್ ಒಂದೇ ಸಲ ನುಗ್ಗುತ್ತೆ. ಅದರಿಂದ ಹುಟ್ಟೋ ಕಿಡಿ ಜೀವಕೋಶಾನೇ ಸುಡುತ್ತೆ. ಆಕ್ಸಿಡೇಟಿವ್ ಸ್ಟ್ರೆಸ್ ಅಂತೀವಿ. ಬಡಿತ ತಪ್ಪೋಕೆ ಅದೂ ಒಂದು ಕಾರಣ. ಸುಮಾರು ಜನಕ್ಕೆ ತಾನಾಗೇ ಸರಿಹೋಗುತ್ತೆ."

ಉಳಿಸುವುದೇ ಸುಡುತ್ತದೆ. ಒಡಹುಟ್ಟಿದವರ ಹಾಗೆ.

ಮಧ್ಯಾಹ್ನ

ನೆನೆದವರ ಮನದಲ್ಲಿ... ತಮ್ಮ ಬಂದ. ಕೈಯಲ್ಲಿ ತನ್ನ ಅಂಗಡಿಯಲ್ಲಿ ಮಾರುವ ಶಕ್ತಿಪುಡಿಯ ಡಬ್ಬಿ.

"ಅಣ್ಣಾ, ಆಂಟಿಆಕ್ಸಿಡೆಂಟ್. ಆ ಕಿಡಿ ಆರ್ಸೋಕೇ ಇರೋದು."

ಡಾಕ್ಟರಮ್ಮ ಡಬ್ಬಿ ತಿರುಗಿಸಿ ನೋಡಿದರು. "ಇದ್ರಿಂದ ಗುಣ ಆಗುತ್ತೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ. ರಕ್ತ ತೆಳು ಮಾಡೋ ಮಾತ್ರೆ ಮಾತ್ರ ಬಿಡ್ಬೇಡಿ. ಬಿಟ್ರೆ ಹಾರ್ಟಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗುತ್ತೆ. ಆಮೇಲೆ ಲಕ್ವ."

ಅವರು ಅತ್ತ ಹೋದದ್ದೇ ತಡ, ತಮ್ಮ ನನ್ನ ಕೈಗೆ ಡಬ್ಬಿ ಕೊಟ್ಟು ಫೋಟೊ ಹೊಡೆದ. "ಸ್ವಲ್ಪ ನಗು." ನಕ್ಕೆ. ಹೊಲಿಗೆ ಚುರ್ ಎಂದಿತು.

ಏಪ್ರಿಲ್ 19

ಬಡಿತ ಸರಿಹೋಗಿಲ್ಲ. ಆ ಸುಮಾರು ಜನರಲ್ಲಿ ನಾನಿಲ್ಲ. ಕೆಲಸಕ್ಕೆ ಫಿಟ್ ಎಂದು ಕಂಪನಿ ಡಾಕ್ಟರ್ ಸಹಿ ಹಾಕಲಿಲ್ಲ. ತಲೆಸುತ್ತು ಬರುವವನನ್ನು ಟವರ್ ಕ್ರೇನ್ ಹತ್ತಿಸುವುದಿಲ್ಲವಂತೆ. ನ್ಯಾಯವೇ. ಸೂಪರ್‌ವೈಸರ್ "ಕೆಳಗಡೆ ಏನಾದ್ರೂ ನೋಡೋಣ" ಎಂದ. ನಾನು ಮೇಲೆ ನೋಡಿದೆ — ಇಷ್ಟು ವರ್ಷ ನಾನು ಕೂತ ಕ್ಯಾಬಿನ್ನಿನ ಕಿಟಕಿಯಲ್ಲಿ ಆಗಲೇ ಬೇರೆ ಯಾರದೋ ಟವೆಲ್ ಒಣಗುತ್ತಿತ್ತು.

ಜೂನ್ 2

ಕೆಳಗಡೆ ಎಂದರೆ ತಮ್ಮನ ಅಂಗಡಿ. ಹೆಂಡತಿಯೇ ಮಾತಾಡಿ ಗೊತ್ತುಮಾಡಿದ್ದು. "ಮನೇಲಿ ಕೂತು ಸೂರು ನೋಡೋ ಬದ್ಲು ಅಲ್ಲಿ ಕೂತ್ಕೊಳ್ಳಿ."

ಕೂತಿದ್ದೇನೆ. ತಲೆಯ ಮೇಲೆ ನನ್ನದೇ ಫೋಟೊ, ಬಾಗಿಲಗಲ. ಕೆಳಗೆ ದಪ್ಪಕ್ಷರ: 'ನನ್ನ ಹೃದಯ ಮತ್ತೆ ಲಯಕ್ಕೆ ಬಂತು!' ಲಯ ಎಂದರೆ ನಾಶ ಎಂದೂ ಅರ್ಥವಿದೆ ಕಣೋ ಎಂದೆ.

"ನಿಂಗೆ ಎಲ್ಲಾದ್ರಲ್ಲೂ ಕೊಂಕು."

ಜೂನ್ 11, ಸಂಜೆ

ಒಬ್ಬ ಹೆಂಗಸು ಬಂದಿದ್ದಳು. ಟೀಚರ್. ಗಂಡನಿಗೂ ಬೈಪಾಸ್, ಆಮೇಲೆ ಇದೇ ಒದ್ದಾಟ. ಫೋಟೊ ನೋಡಿದಳು, ನನ್ನನ್ನು ನೋಡಿದಳು.

"ನಿಜವಾಗ್ಲೂ ಇದ್ರಿಂದ್ಲೇ ವಾಸಿ ಆಯ್ತಾ ನಿಮ್ಗೆ?"

ತಮ್ಮ ಗಲ್ಲಾದಿಂದ ಕತ್ತು ಚಾಚಿದ. ತಲೆಯಾಡಿಸಿದೆ. ಹೂಂ ಎಂದೂ ಅಲ್ಲ, ಊಹೂಂ ಎಂದೂ ಅಲ್ಲ... ಸುಳ್ಳೇಕೆ? ಹೂಂ ಎಂದೇ.

"ಅಬ್ಬ, ಹಾಗಾದ್ರೆ ಆ ರಕ್ತದ ಮಾತ್ರೆ ಕಾಟ ತಪ್ಪುತ್ತೆ. ವಸಡಲ್ಲೆಲ್ಲ ರಕ್ತ ಬರುತ್ತೆ ಅಂತ ಗೋಳಾಡ್ತಾರೆ, ಪಾಪ."

ಬಿಡಬೇಡಿ ಎನ್ನಬೇಕಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ತಮ್ಮ ಚೀಲ ಕೊಟ್ಟು, "ಮುಂದಿನ ಸಲ ಯಜಮಾನ್ರನ್ನೂ ಕರ್ಕೊಂಡು ಬನ್ನಿ" ಎಂದ. ಹೋದಳು. ಎದ್ದು ಹಿಂದೆ ಹೋಗಬಹುದಿತ್ತು. ಮೊಣಕಾಲಿಗೇನೂ ಆಪರೇಷನ್ ಆಗಿರಲಿಲ್ಲ.

ಜೂನ್ 12

ಬರಲಿಲ್ಲ.

ಜೂನ್ 15

ಬರಲಿಲ್ಲ. ತಮ್ಮನನ್ನು ವಿಳಾಸ ಕೇಳಿದೆ.

"ಡಬ್ಬಿ ತಗೊಂಡು ಹೋದೋರ ವಿಳಾಸ ಯಾರು ಬರ್ಕೋತಾರೆ ಅಣ್ಣಾ?"

ನನ್ನ ರಕ್ತದ ಮಾತ್ರೆ ನಾನು ತಪ್ಪದೆ ನುಂಗುತ್ತಿದ್ದೇನೆ. ಜಾಣ.

ಜುಲೈ 21

ಚೆಕಪ್. ಕಾರಿಡಾರಿನಲ್ಲಿ ಖಾಲಿ ಕುರ್ಚಿ ಹುಡುಕುತ್ತಿದ್ದೆ. ಆ ಟೀಚರ್! ಪಕ್ಕದಲ್ಲಿ ಗಾಲಿಕುರ್ಚಿ, ಅದರಲ್ಲಿ ಗಂಡ. ಬಾಯಿ ಒಂದು ಕಡೆಗೆ ವಾಲಿದೆ. ಬಲಗೈ, ಯಾರೋ ಮಡಿಲಲ್ಲಿ ಮರೆತುಹೋದ ಸಾಮಾನಿನ ಹಾಗೆ ಬಿದ್ದಿದೆ. ಹಿಂದಕ್ಕೆ ತಿರುಗಿಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ನೋಡಿದಳು.

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ರೀ, ಇವ್ರೇ. ಅಂಗಡೀಲಿ ಸಿಕ್ಕಿದ್ರು ಅಂದಿದ್ನಲ್ಲ."

ಅವರು ಬಹಳ ಹೊತ್ತು ನನ್ನನ್ನೇ ನೋಡಿದರು. ಏನೋ ಹೇಳಿದರು. ತಿಳಿಯಲಿಲ್ಲ. ಮತ್ತೆ ಹೇಳಿದರು. ಜೊಲ್ಲು ಸುರಿಯಿತು. ಅವಳು ಒರೆಸಿ, ನನ್ನ ಕಡೆ ತಿರುಗಿದಳು.

"'ನೀವಾದ್ರೂ ಹುಷಾರಾದ್ರಲ್ಲ, ಸಂತೋಷ' ಅಂತಿದ್ದಾರೆ."

ನಾನು ಮತ್ತೆ ತಲೆಯಾಡಿಸಿದೆ.