ನಲವತ್ತೊಂದು ನಿಮಿಷ

ಮಾರ್ಚ್ 3

…‘ಕಣ್ಣಿನ ರೆಪ್ಪೆಗೂದಲು ಕೂಡ ಎಣಿಸಬಹುದು ಸಾರ್’ ಅಂದನೋ, ‘ಬೇಕಾದ್ರೆ ಎಣಿಸಿಕೊಳ್ಳಿ’ ಅಂದನೋ, ಆ ಅಂಗಡಿಯವನು. ಎರಡು ದಿನದಿಂದ ಅದೇ ತಲೆಯಲ್ಲಿ. ಕೊನೆಗೆ ತಂದೇಬಿಟ್ಟೆ. ಹೈ ಡೆಫಿನಿಷನ್ ವಿಡಿಯೊ ಕ್ಯಾಮೆರಾ. ಅಂಗೈಯಷ್ಟು. ದೊಡ್ಡ ಸ್ಟುಡಿಯೋದವರ ಹೆಗಲ ಮೇಲಷ್ಟೇ ಕೂರುತ್ತಿದ್ದದ್ದು ಈಗ ನನ್ನಂಥವನ ಕೈಗೂ ಎಟುಕಿದೆ. ಇಪ್ಪತ್ತೆರಡು ವರ್ಷ ಸಮಾರಂಭಗಳ ವಿಡಿಯೊ ತೆಗೆದಿದ್ದೇನೆ. ಯಾರ ರೆಪ್ಪೆಗೂದಲನ್ನೂ ನೋಡಿರಲಿಲ್ಲ. ಟೇಪಿನಲ್ಲಿ ಎಲ್ಲರದೂ ಅರ್ಧ ತೊಳೆದ ಮುಖ.

ಒಂದೇ ತೊಡಕು. ಕಂಪ್ಯೂಟರಿನ ಎಡಿಟಿಂಗ್ ಸಾಫ್ಟ್‌ವೇರ್ ಇದರ ಫೈಲ್ ತೆರೆಯುವುದಿಲ್ಲ. ‘ಸಪೋರ್ಟ್ ಬರುತ್ತೆ ಸಾರ್, ಮುಂದಿನ ಅಪ್‌ಡೇಟ್‌ನಲ್ಲಿ.’ ಯಾವಾಗ? ‘ಬರುತ್ತೆ.’ ಅಲ್ಲಿಯವರೆಗೆ ಕ್ಯಾಮೆರಾದ ಪುಟ್ಟ ಪರದೆಯಲ್ಲೇ ನೋಡಬೇಕು.

ಮಾರ್ಚ್ 9

ಅಕ್ಕನಿಗೆ ಹದಿಮೂರಕ್ಕೆ ಆಪರೇಷನ್. ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ಪೂರ್ತಿ ತೆಗೆಯುತ್ತಾರೆ. ಜೀವಕ್ಕೇನೂ ತೊಂದರೆಯಿಲ್ಲ, ಮಾತು ಮಾತ್ರ ಇರುವುದಿಲ್ಲ — ಡಾಕ್ಟರು ರಿಯಾಯಿತಿ ಕೊಡುವವರ ಹಾಗೆ ಹೇಳಿದರು.

‘ಇನ್ಮೇಲೆ ನಿಮ್ಮ ಭಾವ ನೆಮ್ಮದಿಯಾಗಿ ಪೇಪರ್ ಓದ್ತಾರೆ ಬಿಡು’ ಅಂದಳು ಅಕ್ಕ. ಭಾವ ಪೇಪರ್ ಮಡಿಸಿಟ್ಟು ಹೊರಗೆ ಹೋದರು.

ಅವಳ ಮಗಳು ಈಗ ಏಳು ತಿಂಗಳ ಬಸುರಿ. ‘ಆ ಮಗು ನನ್ನ ದನಿಯನ್ನ ಕೇಳದೇ ಬೆಳೀಬೇಕೇನೋ? ನಿನ್ನ ಹೊಸ ಡಬ್ಬಿ ತಗೊಂಡು ಬಾ. ಬೈಯೋದು, ಮುದ್ದು ಮಾಡೋದು, ಎಲ್ಲಾ ಈಗಲೇ ಮುಗಿಸಿಬಿಡ್ತೀನಿ.’

ಮಾರ್ಚ್ 11

ನಲವತ್ತೊಂದು ನಿಮಿಷ ಬಂದಿದೆ. ಅಕ್ಕನನ್ನು ಕಿಟಕಿಯ ಪಕ್ಕ ಕೂರಿಸಿದೆ. ಬೆಳಕು ಎಡಗೆನ್ನೆಯ ಮೇಲೆ. ಕೊರಳ ಹತ್ತಿರ ಪುಟ್ಟ ಮೈಕು ಸಿಕ್ಕಿಸಿ, ಪರದೆಯ ಮೇಲಿನ ಅಂಕಿ, ಗೆರೆ, ಗುರುತುಗಳನ್ನೆಲ್ಲ ಆರಿಸಿದೆ — ಚಿತ್ರಕ್ಕೆ ಅಡ್ಡ ಬರುತ್ತಿದ್ದವು. ಆಮೇಲೆ ಕಂಡದ್ದು… ಗಲ್ಲದ ಮೇಲಿನ ಹಳೆಯ ಗಾಯದ ಕಲೆ. ಕಿವಿಯ ಹಿಂದೆ ಒಂದೇ ಒಂದು ಬಿಳಿ ಕೂದಲು, ಫ್ಯಾನಿನ ಗಾಳಿಗೆ ಏಳುತ್ತ, ಕೂರುತ್ತ. ಐವತ್ತು ವರ್ಷದಿಂದ ನೋಡುತ್ತ ಬಂದ ಮುಖವನ್ನು ಮೊದಲ ಸಲ ನೋಡಿದೆ.

ಅಕ್ಕನ ಮಗಳು ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಕೇಳಲಾಗದೆ ಹೊರಟುಹೋದಳು. ಉಳಿದವರು ನಾವಿಬ್ಬರೇ.

ಮಾರ್ಚ್ 12, ಮಧ್ಯಾಹ್ನ ಮೂರು

ಶಬ್ದ ಇಲ್ಲ.

ಮೊದಲಿಂದ ಕೊನೆಯವರೆಗೆ ಇಲ್ಲ. ಮೈಕಿಗೆ ಅದರದೇ ಒಂದು ಸ್ವಿಚ್ಚಿದೆ, ಉಗುರಿನಷ್ಟು. ಹಾಕಿಲ್ಲ. ಹೊರಗಿನ ಮೈಕಿನ ಪಿನ್ನು ಚುಚ್ಚಿದರೆ ಕ್ಯಾಮೆರಾ ತನ್ನ ಕಿವಿ ಮುಚ್ಚಿಕೊಳ್ಳುತ್ತದೆ. ಇದು ಮೊನ್ನೆ ಕೆಲಸಕ್ಕೆ ಸೇರಿದವನಿಗೂ ಗೊತ್ತು. ಶಬ್ದ ತೋರಿಸುವ ಗೆರೆಯನ್ನು ಆರಿಸಿದವನೂ ನಾನೇ.

ಅಕ್ಕ ಬೆಳಿಗ್ಗೆಯೇ ಆಸ್ಪತ್ರೆ ಸೇರಿದ್ದಾಳೆ; ಆರರವರೆಗೆ ನೋಡಲು ಬಿಡುತ್ತಾರೆ. ಅವಳ ದನಿ ಇನ್ನೂ ಇದೆ. ಹೊರಟೆ.

ಮಾರ್ಚ್ 12, ಸಂಜೆ ಏಳು

ಹೋದೆ. ಚೀಲದಲ್ಲಿ ಕ್ಯಾಮೆರಾ, ಮೈಕು, ಹೊಸ ಬ್ಯಾಟರಿ. ಪಕ್ಕದ ಮಂಚದವಳ ಜೊತೆ ಅಕ್ಕ ಬಿಡುವಿಲ್ಲದೆ ಮಾತಾಡುತ್ತಿದ್ದಳು.

ಭಾವ ನರ್ಸಿಗೆ ನನ್ನನ್ನು ತೋರಿಸಿದರು. ‘ನಮ್ಮ ಭಾಮೈದ. ವಿಡಿಯೊದಲ್ಲಿ ಇಪ್ಪತ್ತೆರಡು ವರ್ಷದ ಸರ್ವೀಸು. ಇವನು ಕೈ ಹಾಕಿದ ಮೇಲೆ ನಾವು ಚಿಂತೆ ಮಾಡೋ ಹಾಗೇ ಇಲ್ಲ.’

‘ಹೇಗೆ ಬಂದಿದೆಯೋ?’ ಅಕ್ಕ ಕೇಳಿದಳು.

‘ಚೆನ್ನಾಗಿದೆ.’

‘ಮುದುಕಿ ಥರ ಕಾಣ್ತೀನಾ?’

‘ಇಲ್ಲ.’

ಎರಡು ಗಂಟೆ ಕೂತಿದ್ದೆ, ಚೀಲ ತೊಡೆಯ ಮೇಲೆ. ಇನ್ನೊಂದು ಸಲ ಹೇಳು ಅಕ್ಕ, ಐದೇ ನಿಮಿಷ. ವಾಕ್ಯ ಸಿದ್ಧವಿತ್ತು. ಭಾವ ಒಮ್ಮೆ ಎದ್ದು ಹೋದರೆ ಹೇಳೋಣ ಅಂದುಕೊಂಡೆ. ಭಾವ ಹೋದರು. ನರ್ಸ್ ಹೋಗಲಿ ಅಂದುಕೊಂಡೆ. ಆರು ಗಂಟೆಯ ಬೆಲ್ ಹೊಡೆಯಿತು. ‘ಹೋಗಿ ಬಾ’ ಅಂದಳು.

ಮಾರ್ಚ್ 13

ಆಯಿತು. ಐದು ಗಂಟೆ ಹಿಡಿಯಿತು. ಎಲ್ಲ ಸರಿಯಾಗಿದೆಯಂತೆ.

ಏಪ್ರಿಲ್ 2

ಅಕ್ಕ ಮನೆಗೆ ಬಂದಿದ್ದಾಳೆ. ಕೊರಳಿಗೆ ಬಟ್ಟೆ, ಕೈಯಲ್ಲಿ ಸ್ಲೇಟು. ಬರವಣಿಗೆಯಲ್ಲೂ ಜಗಳಗಂಟಿ: ‘ಉಪ್ಪು’ ಅಂತ ಬರೆದು ಕೆಳಗೆ ಎರಡು ಗೆರೆ.

ನನ್ನನ್ನು ಕಂಡಕೂಡಲೇ ಬರೆದಳು: ‘ವಿಡಿಯೊ?’

‘ಸಾಫ್ಟ್‌ವೇರ್ ಸಪೋರ್ಟ್ ಇನ್ನೂ ಬಂದಿಲ್ಲ.’ ಸುಳ್ಳಲ್ಲ. ಅದೇ ಅದರ ಅನುಕೂಲ.

‘ಕ್ಯಾಮೆರಾದಿಂದ ಟಿ.ವಿ.ಗೆ ವೈರ್ ಕೊಟ್ರೆ ಆಗಲ್ವಾ ಮಾಮ?’ ಅಕ್ಕನ ಮಗಳು.

‘ನಿಮ್ಮದು ಹಳೇ ಟಿ.ವಿ. ಕಣಮ್ಮ. ಆಗಲ್ಲ.’ ಇದು ಸುಳ್ಳು.

ಏಪ್ರಿಲ್ 30

ಅಪ್‌ಡೇಟ್ ಬಂದಿದೆ. ನಮ್ಮ ಕಸುಬಿನವರೆಲ್ಲ ಖುಷಿಯಲ್ಲಿದ್ದಾರೆ. ಫೋಟೊ ಲ್ಯಾಬಿನ ಗೆಳೆಯ ಫೋನ್ ಮಾಡಿದ: ‘ಬೆಣ್ಣೆ ಥರ ಓಡುತ್ತೆ ಮಾರಾಯ, ಇನ್ನೇನು ಯೋಚನೆ?’ ನಾನು ಹಾಕಿಕೊಳ್ಳಲಿಲ್ಲ.

ಕ್ಯಾಮೆರಾದ ಕಾರ್ಡು ಕೆಟ್ಟುಹೋಯಿತು ಅನ್ನಬಹುದು. ಎಲ್ಲ ಅಳಿಸಿಹಾಕುವ ‘ಫಾರ್ಮ್ಯಾಟ್’ ಮೇಲೆ ಬೆರಳಿಟ್ಟಿದ್ದೆ. ಅಷ್ಟರಲ್ಲಿ ಪರದೆಯಲ್ಲಿ ಅಕ್ಕನ ಮುಖ ಬಂತು, ನಗುತ್ತ.

ಮೇ 17

ಹೆಣ್ಣು ಮಗು. ನಾಲ್ಕು ದಿನವಾಯಿತು. ಅಳು ಕೇಳಿದರೆ ಅಕ್ಕನದೇ ಗಂಟಲು ಎಂದು ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು, ಸದ್ದಿಲ್ಲದೆ.

ಅಕ್ಕನ ಅಳಿಯ ಹತ್ತಿರ ಬಂದ. ‘ಮಾಮ, ನಮ್ಮ ಕಂಪ್ಯೂಟರಿಗೆ ನಾನೇ ಆ ಹೊಸ ಸಾಫ್ಟ್‌ವೇರ್ ಹಾಕ್ಸಿದೀನಿ. ಬರೋ ಭಾನುವಾರ ಕಾರ್ಡ್ ತನ್ನಿ, ಸಾಕು.’

ಮೇ 24, ಭಾನುವಾರ

ಎಲ್ಲರೂ ಕೂತರು. ಮಗು ಅಕ್ಕನ ತೊಡೆಯ ಮೇಲೆ. ಚಿತ್ರ ತೆರೆದುಕೊಂಡಿತು. ‘ಅಬ್ಬಾ!’ ಅಂದರು ಭಾವ.

ಅಳಿಯ ವಾಲ್ಯೂಮ್ ಏರಿಸಿದ. ಸ್ಪೀಕರಿನ ವೈರು ಅಲ್ಲಾಡಿಸಿದ. ಎರಡು ನಿಮಿಷ ಅವನು ಮೇಜಿನ ಕೆಳಗೆ ಮಂಡಿಯೂರಿ ಹುಡುಕುವುದನ್ನು ನೋಡುತ್ತ ಕೂತಿದ್ದೆ. ಆಮೇಲೆ ಹೇಳಿದೆ, ‘ಮೈಕ್ ಆನ್ ಮಾಡಿರಲಿಲ್ಲ.’

‘ಯಾವಾಗ ಗೊತ್ತಾಯ್ತು ಮಾಮ?’ ಅಕ್ಕನ ಮಗಳ ದನಿ ಬಹಳ ಮೆತ್ತಗಿತ್ತು.

‘ಈಗ.’

ಅಕ್ಕ ನನ್ನತ್ತ ನೋಡಲಿಲ್ಲ. ಪರದೆ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವಳ ತುಟಿ ಅಲುಗತೊಡಗಿತು. ಅಲ್ಲಿಯ ತುಟಿಯ ಜೊತೆಗೇ, ಅದೇ ವೇಗದಲ್ಲಿ, ಮಗುವಿನತ್ತ ಬಾಗಿ. ಅಕ್ಷರ ಅಕ್ಷರವೂ ಹೊಂದುತ್ತಿತ್ತು.

ಇಪ್ಪತ್ತಾರನೇ ನಿಮಿಷಕ್ಕೆ ಅವಳ ತುಟಿ ನಿಂತಿತು. ಪರದೆಯವಳು ಮಾತಾಡುತ್ತಲೇ ಇದ್ದಳು, ಇವಳಿಗೆ ನೆನಪಾಗಲಿಲ್ಲ. ನಿಲ್ಲಿಸಲು ಕೈ ಮಾಡಿದಳು. ಸ್ಲೇಟು ತೆಗೆದುಕೊಂಡು ಬರೆದು ನನ್ನ ಕಡೆ ತಿರುಗಿಸಿದಳು.

‘ಇಲ್ಲಿ ಏನು ಹೇಳ್ದೆ ನಾನು?’

ನಾನು ಪರದೆ ನೋಡಿದೆ. ಅದರ ಕೆಳಗೆ ಬರೆದಳು:

‘ನೀನು ಎದುರಿಗೇ ಇದ್ದೆಯಲ್ಲ.’

ಎಲ್ಲರೂ ನನ್ನನ್ನೇ ನೋಡಿದರು. ಎದುರಿಗೇ ಇದ್ದೆ. ಬೆಳಕು ನೆನಪಿದೆ, ಆ ಕೂದಲು ನೆನಪಿದೆ, ಎಷ್ಟು ಸಲ ಕೂತಿತು, ಎದ್ದಿತು. ನಲವತ್ತೊಂದು ನಿಮಿಷದಲ್ಲಿ ಒಂದು ಮಾತೂ ನೆನಪಿಲ್ಲ. ಮೈಕು ಆನ್ ಇದ್ದಿದ್ದರೂ ನಾನು ಕೇಳಿರುತ್ತಿರಲಿಲ್ಲ.

ಮೇ 25, ಬೆಳಿಗ್ಗೆ

ನನ್ನ ಕಂಪ್ಯೂಟರಿಗೂ ಅಪ್‌ಡೇಟ್ ಹಾಕಿದೆ. ಆ ಇಪ್ಪತ್ತಾರನೇ ನಿಮಿಷವನ್ನು ನಿಧಾನ ಮಾಡಿ ಹನ್ನೊಂದು ಸಲ ನೋಡಿದೆ. ತುಟಿ ಎರಡು ಸಲ ಮುಚ್ಚುತ್ತದೆ. ಆಮೇಲೆ ನಗು. ಇನ್ನೊಂದು ಈಗ ಕಂಡಿತು — ಅಲ್ಲಿ ಅವಳು ಕ್ಯಾಮೆರಾ ನೋಡುತ್ತಿಲ್ಲ. ಅದರ ಪಕ್ಕ, ಸ್ವಲ್ಪ ಮೇಲೆ. ನನ್ನ ಮುಖ ಇದ್ದ ಕಡೆ. ಕೈಯನ್ನೂ ಚಾಚಿದ್ದಾಳೆ. ಉತ್ತರಕ್ಕೆ ಕಾಯುವವರಂತೆ ಮೂರು ಸೆಕೆಂಡು ಸುಮ್ಮನಿದ್ದು, ಮತ್ತೆ ಮಗುವಿನ ಮಾತಿಗೆ ಹೋಗುತ್ತಾಳೆ.

ಅಕ್ಕ, ಅದು ನನಗೆ ಹೇಳಿದ್ದಾ? ನನ್ನನ್ನ ಏನು ಕೇಳ್ದೆ, ನಾನು ಏನು ಹೇಳ್ಬೇಕಿತ್ತು…